ಎಣಿಸುವ ಘಟಕ ಯಾವುದು? ಬೆಳಗಾವಿ ಗಡಿಯಿಂದ ರಾಜಕೀಯ ಭೂಗೋಳದ ಪಾಠ

ಮನೆಯ ಹಳೆಯ ಟ್ರಂಕಿನಲ್ಲಿ ಜಮೀನಿನ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಚಕ್ಕುಬಂದಿ ಎಂಬ ಭಾಗವೊಂದು ಇರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು. ನಮ್ಮ ಹೊಲ ಯಾವುದೆಂದು ಹೇಳಬೇಕಾದರೆ ಅದರ ಸುತ್ತ ಯಾರಿದ್ದಾರೆ, ಏನಿದೆ ಎಂದು ಹೇಳಲೇಬೇಕು. ಸಾವಿರ ವರ್ಷದ ಹಿಂದಿನ ದಾನಶಾಸನಗಳೂ ಇದನ್ನೇ ಮಾಡುತ್ತಿದ್ದವು. ಹುತ್ತ, ಮರ, ಕೆರೆಯ ಕೋಡಿ, ನಟ್ಟ ಕಲ್ಲು ಎಂದು ಗುರುತು ಹೇಳುತ್ತಾ ಚತುಸ್ಸೀಮೆಯನ್ನು ಸುತ್ತಿಬರುತ್ತಿದ್ದವು.

ರಾಜ್ಯಕ್ಕೂ ಒಂದು ಚಕ್ಕುಬಂದಿ ಇದೆ. ಇಂದಿನ ಕರ್ನಾಟಕದ ಚಕ್ಕುಬಂದಿ ಸಿಗುವುದು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ. ಹಳೆಯ ಮೈಸೂರು ಮತ್ತು ಕೊಡಗು, ಜೊತೆಗೆ ಚಂದಗಡ ತಾಲ್ಲೂಕನ್ನು ಹೊರತುಪಡಿಸಿ ಬೆಳಗಾವಿ ಜಿಲ್ಲೆ. ಕೊಡಂಗಲ್, ತಾಂಡೂರು ಹೊರತುಪಡಿಸಿ ಗುಲ್ಬರ್ಗ. ಆಲಂಪುರ, ಗದ್ವಾಲ ಹೊರತುಪಡಿಸಿ ರಾಯಚೂರು. ಅಹಮದ್‌ಪುರ, ನೀಲಂಗಾ, ಉದಗೀರ ಮತ್ತಿತರ ಭಾಗಗಳನ್ನು ಹೊರತುಪಡಿಸಿ ಬೀದರ. ಕಾಸರಗೋಡು ತಾಲ್ಲೂಕು ಮತ್ತು ಅಮಿನ್‌ದೀವಿ ದ್ವೀಪಗಳನ್ನು ಹೊರತುಪಡಿಸಿ ದಕ್ಷಿಣ ಕನ್ನಡ. ಒಣ ಕಾನೂನಿನ ಈ ಸಾಲುಗಳಲ್ಲಿ ನನ್ನ ಕಣ್ಣು ಪ್ರತಿಸಲ ನಿಲ್ಲುವುದು 'ಹೊರತುಪಡಿಸಿ' ಎಂಬ ಪದದ ಮೇಲೆ. ಆ ಪದ ಬಂದ ಕಡೆಯಲ್ಲೆಲ್ಲ ಯಾರೋ ಕೂತು ಎಣಿಸಿದ್ದಾರೆ, ಯಾವುದನ್ನೋ ಒಂದು ಘಟಕವೆಂದು ಇಟ್ಟುಕೊಂಡು ಅದನ್ನು ಆಚೆ ಅಥವಾ ಈಚೆ ಸರಿಸಿದ್ದಾರೆ.

ರಾಜಕೀಯ ಭೂಗೋಳ ಓದುವ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪರಿಕಲ್ಪನೆಗಳು ಹಲವು. ಭೂಪ್ರದೇಶ, ಗಡಿ, ಗಡಿನಾಡು, ಪ್ರಭುತ್ವ, ರಾಷ್ಟ್ರ, ಕೇಂದ್ರ ಮತ್ತು ಅಂಚು, ಪರಾವೃತ ಪ್ರದೇಶ, ಮಾಪಕ. ಇವೆಲ್ಲವೂ ಬಿಸಿಯಾಗಿ ಒಂದೇ ಕಡೆ ಸಿಗುವ ಜಾಗ ನಮ್ಮಲ್ಲೇ ಇದೆ. ಬೆಳಗಾವಿ ಗಡಿ ವಿವಾದವನ್ನು ನಾವು ಸಾಮಾನ್ಯವಾಗಿ ಸುದ್ದಿಯಾಗಿ ಓದುತ್ತೇವೆ, ಆವೇಶದಲ್ಲಿ ಮಾತಾಡುತ್ತೇವೆ. ಅದನ್ನು ಒಂದು ಪಾಠವಾಗಿ ಓದಿದರೆ, ಜಗಳದ ತಳದಲ್ಲಿ ಭಾಷೆಗಿಂತ ಹೆಚ್ಚಾಗಿ ಒಂದು ಅಳತೆಗೋಲು ಕೂತಿರುವುದು ಕಾಣುತ್ತದೆ.

ಸೀಮೆ ಎಂಬ ಒಂದೇ ಪದ

ಮೊದಲಿಗೆ ಗಡಿ ಮತ್ತು ಗಡಿನಾಡು. ಗಡಿ ಎಂದರೆ ಗೆರೆ. ಅದಕ್ಕೆ ಉದ್ದವಿದೆ, ಅಗಲವಿಲ್ಲ. ಗಡಿನಾಡು ಹಾಗಲ್ಲ, ಅದೊಂದು ಪಟ್ಟಿ. ಅಲ್ಲಿ ಮನೆ, ಹೊಲ, ಸಂತೆ, ಸಂಬಂಧಗಳು ಎರಡೂ ಕಡೆಗೆ ಹರಡಿಕೊಂಡಿರುತ್ತವೆ. ಕನ್ನಡದ 'ಸೀಮೆ' ಎಂಬ ಪದದಲ್ಲಿ ಈ ಎರಡೂ ಅರ್ಥ ಇವೆ. ಎಲ್ಲೆಯೂ ಸೀಮೆಯೇ, ಎಲ್ಲೆಯೊಳಗಿನ ನೆಲವೂ ಸೀಮೆಯೇ. ಬಯಲುಸೀಮೆ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಗೆರೆಯಲ್ಲ, ಜೋಳದ ಹೊಲ. ಹಿಂದಿನ ಅರಸರ ಕಾಲದಲ್ಲಿ ಅಧಿಕಾರವೂ ಹೀಗೇ ಇತ್ತು. ರಾಜಧಾನಿಯಲ್ಲಿ ಗಟ್ಟಿಯಾಗಿದ್ದು, ದೂರ ಹೋದಂತೆ ತೆಳುವಾಗುತ್ತಾ, ಇನ್ನೊಬ್ಬ ಅರಸನ ಅಧಿಕಾರದ ಜೊತೆ ಕಲಸಿಹೋಗುತ್ತಿತ್ತು. ಬನವಾಸಿ 12000, ಗಂಗವಾಡಿ 96000, ಬೆಳ್ವೊಲ 300 ಎಂದು ಸಂಖ್ಯೆ ಹಚ್ಚಿ ನಾಡುಗಳನ್ನು ಕರೆಯುತ್ತಿದ್ದರೇ ಹೊರತು ಅವುಗಳ ಸುತ್ತ ಅಂಗುಲ ಲೆಕ್ಕದ ಗೆರೆ ಇರಲಿಲ್ಲ. ಇಂಚಿಂಚು ಲೆಕ್ಕದ ಗೆರೆ ಬಂದದ್ದು ಆಧುನಿಕ ಪ್ರಭುತ್ವದ ಜೊತೆಗೆ, ಸರ್ವೆ ಸರಪಳಿಯ ಜೊತೆಗೆ.

ಗೆರೆ ಬಂದ ಮೇಲೂ ಗಡಿನಾಡು ಅಳಿಯಲಿಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದ ಇಂದಿಗೂ ಭಕ್ತರು ಬರುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ದಿಂಡಿಗಳು ಪಂಢರಪುರಕ್ಕೆ ಹೋಗುತ್ತವೆ. ಬೆಳಗಾವಿಯ ಬೀದಿಯಲ್ಲಿ ವ್ಯಾಪಾರ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಜನಗಣತಿಯ ಕಾಗದದಲ್ಲಿ ಮಾತ್ರ ಮಾತೃಭಾಷೆ ಎಂಬ ಕಾಲಂಗೆ ಒಂದೇ ಉತ್ತರ. ಎರಡು ಭಾಷೆ ಬದುಕುವ ಮನುಷ್ಯ ಅಲ್ಲಿ ಒಂದು ಭಾಷೆಯವನಾಗಿ ದಾಖಲಾಗುತ್ತಾನೆ. ಗಡಿ ವಿವಾದದಲ್ಲಿ ಎರಡೂ ಕಡೆಯವರು ಎತ್ತಿಹಿಡಿಯುವ ಅಂಕಿಗಳೆಲ್ಲ ಈ ಕಾಲಂನಿಂದ ಬಂದವು.

ಪರೀಕ್ಷೆಯಲ್ಲಿ ತುಂಬ ಜನ ಎಡವುವ ಇನ್ನೊಂದು ಜೋಡಿ 'ರಾಜ್ಯ' ಮತ್ತು 'ರಾಷ್ಟ್ರ'. ಗೊಂದಲಕ್ಕೆ ಕಾರಣ ನಮ್ಮ ಪದಗಳೇ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ 'ರಾಜ್ಯ' ಎಂದರೆ ಸಾರ್ವಭೌಮ ಪ್ರಭುತ್ವ. ದಿನಪತ್ರಿಕೆಯಲ್ಲಿ 'ರಾಜ್ಯ' ಎಂದರೆ ಕರ್ನಾಟಕ. 1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ಪ್ರಭುತ್ವಕ್ಕೆ ನಾಲ್ಕು ಲಕ್ಷಣ ಬೇಕು: ಸ್ಥಿರ ಜನಸಂಖ್ಯೆ, ಗೊತ್ತಾದ ಭೂಪ್ರದೇಶ, ಸರ್ಕಾರ, ಇತರ ಪ್ರಭುತ್ವಗಳ ಜೊತೆ ವ್ಯವಹರಿಸುವ ಸಾಮರ್ಥ್ಯ. ಕರ್ನಾಟಕಕ್ಕೆ ಮೊದಲ ಮೂರಿವೆ, ನಾಲ್ಕನೆಯದಿಲ್ಲ. ರಾಷ್ಟ್ರ ಎಂಬುದು ತಾವೆಲ್ಲ ಒಂದು ಎಂದುಕೊಂಡ ಜನಸಮುದಾಯ; ಅದಕ್ಕೆ ಪ್ರಭುತ್ವ ಇದ್ದೇ ಇರಬೇಕೆಂದಿಲ್ಲ. ಕುರ್ದರು ತುರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಇವೆರಡರ ನಡುವೆ ಕನ್ನಡಕ್ಕೆ ಇನ್ನೊಂದು ಪದವಿದೆ: ನಾಡು. ಅದು ಸಾರ್ವಭೌಮತ್ವ ಕೇಳುವುದಿಲ್ಲ, ಆದರೆ ಬರೀ ಆಡಳಿತ ವಿಭಾಗ ಎಂದರೆ ಒಪ್ಪುವುದೂ ಇಲ್ಲ. ಭಾಷಾವಾರು ಪ್ರಾಂತ್ಯಗಳ ಚಳವಳಿ ಕೇಳಿದ್ದು ಇದನ್ನೇ. ನಾಡು ಎಂಬ ಭಾವನೆಗೂ ರಾಜ್ಯ ಎಂಬ ಆಡಳಿತಕ್ಕೂ ಒಂದೇ ಗಡಿ ಇರಲಿ ಎಂದು.

ತಿರುಳ್ಗನ್ನಡದ ಮೂಲೆಗಳು ಎಲ್ಲಿ ಹೋದವು

ಕೇಂದ್ರ ಮತ್ತು ಅಂಚು ಎಂಬ ಪರಿಕಲ್ಪನೆಗೆ ಪಠ್ಯಗಳಲ್ಲಿ ಸಾಮಾನ್ಯವಾಗಿ ಪ್ಯಾರಿಸ್ ಅಥವಾ ಲಂಡನ್ನಿನ ಉದಾಹರಣೆ ಇರುತ್ತದೆ. ನನಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕಾಣುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಕನ್ನಡನಾಡಿನ ಹರವನ್ನು ಹೇಳುವುದು ಎಲ್ಲರಿಗೂ ಗೊತ್ತು. ಅದಾದ ಮೇಲೆ ಬರುವ ಮಾತು ಭೂಗೋಳದ ವಿದ್ಯಾರ್ಥಿಗೆ ಇನ್ನೂ ಮುಖ್ಯ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಿನ ನೆಲದ ಕನ್ನಡವೇ ಕನ್ನಡದ ತಿರುಳು ಎನ್ನುತ್ತದೆ ಅದು. ಎಂದರೆ ಹೊರಮೈ ಬೇರೆ, ತಿರುಳು ಬೇರೆ. ಇಂದಿನ ಹೆಸರಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ.

ಈ ನಾಲ್ಕು ಊರುಗಳ ಮುಂದಿನ ಕತೆ ನೋಡಿ. ಬ್ರಿಟಿಷರ ಕಾಲಕ್ಕೆ ಬರುವಾಗ ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಶಿರಹಟ್ಟಿ ಸಾಂಗ್ಲಿಯದು. ಸುತ್ತ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯದ ಕಲೆಕ್ಟರನ ಆಡಳಿತ. ನಡುವೆ ದೂರದ ಮಿರಜದ ಅರಸರ ಒಂದು ತುಂಡು. ಒಂದು ಆಡಳಿತದ ನೆಲದಿಂದ ಸುತ್ತುವರಿದ ಇನ್ನೊಂದು ಆಡಳಿತದ ನೆಲವನ್ನು ಪರಾವೃತ ಪ್ರದೇಶ ಎನ್ನುತ್ತಾರೆ. ಕನ್ನಡದ ತಿರುಳೆಂದು ಹೆಸರಾದ ಪುಲಿಗೆರೆ ಹೀಗೆ ಒಂದು ದ್ವೀಪವಾಗಿ ಉಳಿದಿತ್ತು. ರಾಯಬಾಗ ಕೊಲ್ಲಾಪುರದ್ದಾಗಿತ್ತು, ತೇರದಾಳ ಸಾಂಗ್ಲಿಯದ್ದಾಗಿತ್ತು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರು ತಮ್ಮ ತಮ್ಮ ಸಂಸ್ಥಾನಗಳಾಗಿದ್ದವು. ಏಕೀಕರಣದ ಹೋರಾಟಗಾರರು ಹರಿದು ಹಂಚಿಹೋದ ನಾಡು ಎಂದದ್ದು ಉಪಮೆಯಾಗಿ ಅಲ್ಲ. ಆ ಕಾಲದ ನಕ್ಷೆಯನ್ನು ನೋಡಿದರೆ ಅದು ಅಕ್ಷರಶಃ ಸತ್ಯ.

ಇಷ್ಟೇ ತೀಕ್ಷ್ಣವಾದ ಇನ್ನೊಂದು ಉದಾಹರಣೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ದಖ್ಖನ್ನಿನ ರಾಜಧಾನಿಯಾಗಿದ್ದ ಆ ಊರು ಇಂದು ಕಲಬುರಗಿ ಜಿಲ್ಲೆಯಲ್ಲಿದೆ; ಆ ಜಿಲ್ಲೆ ಹಿಂದುಳಿದ ಪ್ರದೇಶವೆಂದು ಗುರುತಿಸಿ ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನ ಪಡೆದ ಕಲ್ಯಾಣ ಕರ್ನಾಟಕಕ್ಕೆ ಸೇರಿದೆ. ಕೇಂದ್ರ ಅಂಚಾಗಬಹುದು, ಅಂಚು ಕೇಂದ್ರವಾಗಬಹುದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದಾಗ, ಅದು ಇಂದಿನ ಅಂಚುಗಳ ನಕ್ಷೆಯನ್ನೇ ಬರೆದುಕೊಟ್ಟಿತು.

ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರ್. ಬೆಳಗಾವಿಯವರಿಗೆ ಕೊಲ್ಲಾಪುರವೂ ಪಣಜಿಯೂ ಅದರ ನಾಲ್ಕನೇ ಒಂದು ಭಾಗದಷ್ಟು ಹತ್ತಿರ. ಪ್ರಭುತ್ವಗಳು ತಮ್ಮ ಹಕ್ಕನ್ನು ಗಟ್ಟಿಮಾಡಲು ರಾಜಧಾನಿಯನ್ನೇ ಅಂಚಿನ ಕಡೆಗೆ ಒಯ್ಯುವುದುಂಟು. ಪಾಕಿಸ್ತಾನ ಕರಾಚಿಯಿಂದ ಇಸ್ಲಾಮಾಬಾದಿಗೆ, ಬ್ರೆಜಿಲ್ ಕರಾವಳಿಯಿಂದ ಒಳನಾಡಿನ ಬ್ರಸೀಲಿಯಾಕ್ಕೆ ಹೋದವು. ಕರ್ನಾಟಕ ಮಾಡಿದ್ದು ಇದರದೇ ಒಂದು ಸಣ್ಣ ರೂಪ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆಯಿತು, 2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು, 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಕಟ್ಟಡವೂ ಹೆಸರೂ ಭೂಪ್ರದೇಶದ ಮೇಲಿನ ಹಕ್ಕಿನ ಮಾತುಗಳೇ. ಆದರೆ ವರ್ಷಕ್ಕೆ ಹತ್ತಿಪ್ಪತ್ತು ದಿನ ಅಧಿವೇಶನ ನಡೆಯುವ ಸೌಧ ಅಂಚನ್ನು ಕೇಂದ್ರವಾಗಿಸುವುದಿಲ್ಲ. ಇಲಾಖೆಗಳ ನಿರ್ಧಾರ ಮಾಡುವ ಕಚೇರಿಗಳು ಅಲ್ಲಿಗೆ ಹೋಗಬೇಕೆಂದು ಉತ್ತರ ಕರ್ನಾಟಕದವರು ಕೇಳುತ್ತಲೇ ಇರುವುದು ಭೂಗೋಳದ ದೃಷ್ಟಿಯಿಂದ ಸರಿಯಾದ ಬೇಡಿಕೆ ಎಂದೇ ನನ್ನ ಅಭಿಪ್ರಾಯ.

ಹಳ್ಳಿಯೋ, ತಾಲ್ಲೂಕೋ, ಜಿಲ್ಲೆಯೋ

ಈಗ ವಿವಾದದ ಮೂಳೆಗೆ ಬರೋಣ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಅದು ಸಾಮಾನ್ಯವಾಗಿ ಜಿಲ್ಲೆಯನ್ನು ಘಟಕವಾಗಿ ಇಟ್ಟುಕೊಂಡು, ಅಗತ್ಯ ಕಂಡ ಕಡೆ ತಾಲ್ಲೂಕಿನ ಮಟ್ಟಕ್ಕೆ ಇಳಿಯಿತು. ಮರಾಠಿ ಹೆಚ್ಚಾಗಿದ್ದ ಚಂದಗಡ ತಾಲ್ಲೂಕು ಆಚೆ ಹೋಯಿತು, ಬೆಳಗಾವಿ ಜಿಲ್ಲೆಯ ಉಳಿದ ಭಾಗ ಈಚೆ ಬಂತು. ಆ ಹೊತ್ತಿನಲ್ಲಿ ಬೆಳಗಾವಿ ಪಟ್ಟಣದಲ್ಲಿ ಮರಾಠಿ ಮಾತಾಡುವವರು ಹೆಚ್ಚಿದ್ದರು, ಜಿಲ್ಲೆಯಲ್ಲಿ ಕನ್ನಡ ಮಾತಾಡುವವರು ಹೆಚ್ಚಿದ್ದರು. ಎರಡೂ ನಿಜ. ಯಾವ ನಿಜವನ್ನು ಹಿಡಿಯಬೇಕು ಎಂಬುದನ್ನು ಅಂಕಿ ಹೇಳುವುದಿಲ್ಲ.

1957ರಲ್ಲಿ ಆಗಿನ ಮುಂಬಯಿ ಸರ್ಕಾರ ಕೇಂದ್ರಕ್ಕೆ ಮನವಿ ಸಲ್ಲಿಸಿ ಹಳ್ಳಿಯೇ ಘಟಕವಾಗಲಿ ಎಂದಿತು. ಭೌಗೋಳಿಕ ಅಖಂಡತೆ, ಭಾಷಿಕ ಬಹುಮತ, ಜನರ ಇಷ್ಟ, ಇವು ಅದರ ಜೊತೆಗಿನ ತತ್ವಗಳು. ಆಂಧ್ರ ಮತ್ತು ಮದ್ರಾಸಿನ ಗಡಿಗೆ ಎಚ್.ವಿ. ಪಾಟಸ್ಕರ್ ಹಳ್ಳಿಯ ಲೆಕ್ಕದಲ್ಲೇ ಪರಿಹಾರ ಕೊಟ್ಟಿದ್ದರು. 1959ರ ಕಾಯ್ದೆಯಿಂದ ತಿರುತ್ತಣಿ ಮದ್ರಾಸಿಗೆ ಹೋದದ್ದು ಹಾಗೆ. ಆ ತತ್ವದ ಮೇಲೆ ಮಹಾರಾಷ್ಟ್ರ 814 ಹಳ್ಳಿಗಳ ಮೇಲೆ ಹಕ್ಕು ಹೇಳಿತು, ಮುಂದೆ ಆ ಸಂಖ್ಯೆ 865 ಆಯಿತು.

ಘಟಕ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ತಾಲ್ಲೂಕು ಮಾಡಿಕೊಳ್ಳೋಣ. ಹತ್ತು ಹಳ್ಳಿ, ಒಂದೊಂದರಲ್ಲಿ 1,000 ಜನ. ನಾಲ್ಕು ಹಳ್ಳಿಗಳಲ್ಲಿ ತಲಾ 900 ಮಂದಿ ಮರಾಠಿಯವರು, 100 ಮಂದಿ ಕನ್ನಡದವರು. ಉಳಿದ ಆರರಲ್ಲಿ ತಲಾ 550 ಕನ್ನಡದವರು, 450 ಮರಾಠಿಯವರು. ತಲೆ ಎಣಿಸಿದರೆ ಮರಾಠಿಯವರು 6,300, ಕನ್ನಡದವರು 3,700, ತಾಲ್ಲೂಕು ಮಹಾರಾಷ್ಟ್ರದ್ದು. ಹಳ್ಳಿ ಎಣಿಸಿದರೆ ಹತ್ತರಲ್ಲಿ ಆರು ಕನ್ನಡದವು. ಹೆಚ್ಚಿನ ಭಾಗ ಕರ್ನಾಟಕದ್ದು. ಇದೇ ತಾಲ್ಲೂಕನ್ನು ಕನ್ನಡವೇ ದಟ್ಟವಾಗಿರುವ ಐದು ತಾಲ್ಲೂಕುಗಳ ಜೊತೆ ಒಂದು ಜಿಲ್ಲೆಯಾಗಿ ಕಟ್ಟಿ ಎಣಿಸಿದರೆ ಇಡೀ ಜಿಲ್ಲೆ ಕರ್ನಾಟಕದ್ದು. ಒಬ್ಬ ಮನುಷ್ಯನೂ ಮನೆ ಬದಲಿಸಿಲ್ಲ, ಒಬ್ಬನ ನಾಲಿಗೆಯೂ ಬದಲಾಗಿಲ್ಲ. ಬದಲಾದದ್ದು ಎಣಿಸುವವನ ಬುಟ್ಟಿಯ ಅಳತೆ. ಭೂಗೋಳದಲ್ಲಿ ಇದನ್ನು ಮಾಪಕದ ಪ್ರಶ್ನೆ ಎನ್ನುತ್ತಾರೆ. ಇಡೀ ವಿಷಯದಲ್ಲಿ ಒಂದೇ ಪರಿಕಲ್ಪನೆ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ ಎಂದು ನಾನು ಹೇಳುತ್ತೇನೆ.

ಹಳ್ಳಿಯೇ ಘಟಕ ಎಂಬುದರಲ್ಲಿ ಒಂದು ಸೆಳೆತವಿದೆ. ಅದು ಜನರಿಗೆ ಅತಿ ಹತ್ತಿರದ ಅಳತೆ, ಪ್ರಜಾಪ್ರಭುತ್ವಕ್ಕೆ ಒಪ್ಪುವ ಅಳತೆ. ಅದನ್ನು ಕಡೆಗಣಿಸಿ ಮಾತಾಡಬಾರದು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮಿಶ್ರ ಭಾಷೆಯ ಪಟ್ಟಿಯಲ್ಲಿ ಹಳ್ಳಿ ಹಳ್ಳಿ ಬಿಡಿಸಿದರೆ ಸಿಗುವುದು ಗೆರೆಯಲ್ಲ, ಚೂರುಗಳು. ಅದರ ಪರಮಾವಧಿ ಎಲ್ಲಿಗೆ ಹೋಗಬಹುದು ಎಂಬುದನ್ನು ಕೂಚ್‌ಬಿಹಾರ ತೋರಿಸಿತ್ತು. ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳು, ಭಾರತದೊಳಗೆ ಬಾಂಗ್ಲಾದೇಶದ 51 ತುಂಡುಗಳು. ಶಾಲೆಗೆ, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ಹೋಗಲು ಅಲ್ಲಿನವರು ವಿದೇಶ ದಾಟಬೇಕಿತ್ತು. 2015ರಲ್ಲಿ 100ನೇ ಸಂವಿಧಾನ ತಿದ್ದುಪಡಿ ಮಾಡಿ ಅವನ್ನು ಅದಲುಬದಲು ಮಾಡಿಕೊಳ್ಳಬೇಕಾಯಿತು. ದೇಶದೊಳಗಿನ ಗಡಿಯಲ್ಲಿ ಆ ಪ್ರಮಾಣದ ಸಂಕಟ ಇರಲಾರದು, ನಿಜ. ಆದರೂ ಸಂತೆಯೂರು ಒಂದು ರಾಜ್ಯದಲ್ಲಿ, ಅದಕ್ಕೆ ಹಾಲು ತರಕಾರಿ ತರುವ ಹಳ್ಳಿಗಳು ಇನ್ನೊಂದರಲ್ಲಿ ಎಂದಾದರೆ ಕಷ್ಟ ಸಣ್ಣದಲ್ಲ. ಪಟ್ಟಣಕ್ಕೂ ಅದರ ಹಿನ್ನಾಡಿಗೂ ಇರುವ ಹೊಕ್ಕುಳಬಳ್ಳಿಯನ್ನು ಭಾಷೆಯ ಕತ್ತರಿ ನೋಡುವುದಿಲ್ಲ.

ಈ ವಿವಾದ ಬಗೆಹರಿಸಲೆಂದು ಕೇಂದ್ರ ನೇಮಿಸಿದ ಮಹಾಜನ ಆಯೋಗ ಜಿಲ್ಲೆ ಮತ್ತು ಹಳ್ಳಿ ಎಂಬ ಎರಡು ಅಳತೆಗಳ ನಡುವೆ ನಡೆಯಿತು. ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರನ್ನು 1966ರ ಅಕ್ಟೋಬರಿನಲ್ಲಿ ನೇಮಿಸಲಾಯಿತು. ಒಂದು ವರ್ಷ ತುಂಬುವ ಮೊದಲೇ, 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 260ಕ್ಕೂ ಹೆಚ್ಚು ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯಿಂದ ಸುಮಾರು 250 ಹಳ್ಳಿಗಳು ಕರ್ನಾಟಕಕ್ಕೆ ಬರಲಿ. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು ಅದು. ಮಹಾರಾಷ್ಟ್ರ ತಿರಸ್ಕರಿಸಿತು, ಕೇರಳ ಒಪ್ಪಲಿಲ್ಲ, ಕರ್ನಾಟಕ ವರದಿಯೇ ಅಂತಿಮ ಎಂದಿತು. ವರದಿ ಕಾನೂನಾಗಲಿಲ್ಲ. 'ಮಹಾಜನ ವರದಿಯೇ ಅಂತಿಮ' ಎಂದು ಘೋಷಣೆ ಕೂಗುವಾಗ ಖಾನಾಪುರ, ನಿಪ್ಪಾಣಿಗಳನ್ನು ಕೊಡಬೇಕು ಎಂಬುದೂ ಆ ವರದಿಯಲ್ಲೇ ಇದೆ ಎಂಬುದನ್ನು ನಮ್ಮಲ್ಲಿ ಬಹಳ ಜನ ಮರೆಯುತ್ತಾರೆ. ವಿದ್ಯಾರ್ಥಿಗಳಾದರೂ ಅದನ್ನು ಪೂರ್ತಿ ತಿಳಿದಿರಬೇಕು.

ನದಿ, ಕಲ್ಲು, ಅದಿರು

ನಿಸರ್ಗವೇ ಎಳೆದ ಗಡಿ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ತರಗತಿಗಳಲ್ಲಿ ಯಾವಾಗಲೂ ಬರುತ್ತದೆ. ಚಂದ್ರಗಿರಿ ನದಿಯನ್ನೇ ಗಡಿ ಮಾಡೋಣ ಎಂಬುದು ಕೇಳಲು ಚೆನ್ನಾಗಿದೆ. ಆದರೆ ಕಾಸರಗೋಡಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಒಟ್ಟೊಟ್ಟಿಗೆ ಬದುಕುತ್ತವೆ, ನದಿ ನೋಡಿ ನಿಲ್ಲುವುದಿಲ್ಲ. ನದಿ ನೀರನ್ನು ಸಾಗಿಸುವಂತೆ ಜನರನ್ನೂ ಸೇರಿಸುತ್ತದೆ. ನಿಸರ್ಗದ ಗಡಿ ಎಂಬುದು ಕೂಡ ಮನುಷ್ಯನ ಆಯ್ಕೆಯೇ. ಇರುವ ಹಲವು ಗೆರೆಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಅಧಿಕಾರ ಕೊಡುತ್ತಾನೆ ಅಷ್ಟೇ. ಸಹ್ಯಾದ್ರಿಯನ್ನೇ ನೋಡಿ. ಕರ್ನಾಟಕ ಮತ್ತು ಗೋವಾದ ನಡುವೆ ಬೆಟ್ಟಸಾಲು ಗಟ್ಟಿ ಗಡಿಯಂತೆ ಕಾಣುತ್ತದೆ. ಆದರೆ ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ, ಹರಿಯುವುದು ಗೋವಾಕ್ಕೆ. ನೀರಿನ ಭೂಗೋಳ ಒಂದು, ಆಡಳಿತದ ಭೂಗೋಳ ಇನ್ನೊಂದು. ಇವೆರಡೂ ಹೊಂದದಿದ್ದುದಕ್ಕೇ ನ್ಯಾಯಮಂಡಳಿ ಬೇಕಾಯಿತು. 2018ರಲ್ಲಿ ಅದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ನರಗುಂದ, ನವಲಗುಂದದ ರೈತರು ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆಗಾಗಿ ಎಷ್ಟು ವರ್ಷ ಬೀದಿಯಲ್ಲಿ ಕೂತರು ಎಂಬುದನ್ನು ಕಂಡವರು, ಗಡಿ ಎಂದರೆ ನಕ್ಷೆಯ ಗೆರೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬುವುದಿಲ್ಲ.

ಗಡಿ ಮೂಡುವುದು ಹಂತಹಂತವಾಗಿ. ಮೊದಲು ಮಾತಿನಲ್ಲಿ ವಿವರಿಸುತ್ತಾರೆ, ಆಮೇಲೆ ನಕ್ಷೆಯಲ್ಲಿ ಎಳೆಯುತ್ತಾರೆ, ಆಮೇಲೆ ನೆಲದ ಮೇಲೆ ಕಲ್ಲು ನೆಡುತ್ತಾರೆ, ಕೊನೆಗೆ ಅದನ್ನು ಕಾಯುತ್ತಾರೆ. ಮೂರನೆಯ ಹಂತ ಎಷ್ಟು ಮುಖ್ಯ ಎಂಬುದಕ್ಕೆ ಬಳ್ಳಾರಿ ಸಾಕ್ಷಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ಉಳಿದದ್ದು ಮೈಸೂರಿಗೆ ಬಂತು. ಅಂದಿಗೆ ಕಾಡುಗುಡ್ಡದ ಮೇಲಿನ ಗೆರೆಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅರ್ಧ ಶತಮಾನದ ನಂತರ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಅದೇ ಗೆರೆ ಚಿನ್ನದ ಗೆರೆಯಾಯಿತು. ಗಡಿಗುರುತುಗಳು ಕಾಣೆಯಾದವು, ಯಾವ ಗಣಿ ಯಾವ ರಾಜ್ಯದ್ದು ಎಂಬುದೇ ಗೊಂದಲವಾಯಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಸರ್ವೆ ಆಫ್ ಇಂಡಿಯಾ ಮತ್ತೆ ಅಳೆಯಬೇಕಾಯಿತು.

ಗೆರೆ ಸರಿಸುವ ಅಧಿಕಾರ ಯಾರದು

ಬೆಳಗಾವಿ ಪ್ರಕರಣ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಸಂವಿಧಾನದ 131ನೇ ವಿಧಿಯಡಿ ಮಹಾರಾಷ್ಟ್ರ ಮೂಲ ದಾವೆ ಹೂಡಿತು. ಗಡಿ ಬದಲಿಸುವ ಅಧಿಕಾರ 3ನೇ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ ಸೇರಿದ್ದು ಎಂಬುದು ಕರ್ನಾಟಕದ ವಾದ. ಆ ವಿಧಿಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಸಂಬಂಧಪಟ್ಟ ರಾಜ್ಯದ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೆ ಸಂಸತ್ತು ಬದ್ಧವಲ್ಲ. ದೇಶದ ಒಂದು ಚೂರನ್ನು ಹೊರದೇಶಕ್ಕೆ ಕೊಡಲು ಸಂವಿಧಾನ ತಿದ್ದುಪಡಿಯೇ ಬೇಕು ಎಂದು 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ರಾಜ್ಯ ರಾಜ್ಯಗಳ ನಡುವಿನ ಗೆರೆಗೆ ಸಾಧಾರಣ ಕಾನೂನು ಸಾಕು. ಸಾರ್ವಭೌಮ ಗಡಿ ಮತ್ತು ಆಂತರಿಕ ಗಡಿಯ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಸಿಗುವುದಿಲ್ಲ.

2022ರ ಡಿಸೆಂಬರಿನಲ್ಲಿ ಬಿಸಿ ಮತ್ತೆ ಏರಿತು. ಕೇಂದ್ರ ಗೃಹ ಸಚಿವರು 14ರಂದು ಇಬ್ಬರು ಮುಖ್ಯಮಂತ್ರಿಗಳನ್ನು ಕೂರಿಸಿ, ತೀರ್ಪು ಬರುವವರೆಗೆ ಯಾರೂ ಹಕ್ಕು ಮಂಡಿಸಬಾರದು ಎಂದರು. ಎರಡು ವಾರ ಕಳೆಯುವುದರೊಳಗೆ ಎರಡೂ ವಿಧಾನಮಂಡಲಗಳು ಎದುರುಬದುರು ನಿರ್ಣಯ ಮಾಡಿದ್ದವು. ಕಳೆದ ನೆಲವನ್ನು ಮರಳಿ ಪಡೆಯಬೇಕೆಂಬ ಈ ರಾಜಕೀಯಕ್ಕೆ ಭೂಗೋಳದಲ್ಲಿ ಇರ್ರೆಡೆಂಟಿಸಂ ಎಂಬ ಹೆಸರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿ ಒಂದಾದ ಮೇಲೂ ಹೊರಗುಳಿದ ಇಟಾಲಿಯನ್ ಪ್ರದೇಶಗಳಿಗಾಗಿ ನಡೆದ ಚಳವಳಿಯಿಂದ ಬಂದ ಪದ ಅದು. ಮಹಾರಾಷ್ಟ್ರದ 865 ಹಳ್ಳಿಗಳ ಬೇಡಿಕೆ ಅದೇ ಜಾತಿಯದು. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡು ನಮ್ಮವು ಎಂಬ ನಮ್ಮ ಮಾತೂ ಅದೇ ಜಾತಿಯದು.

ಅದೇ ಚಳಿಗಾಲದಲ್ಲಿ ಜತ್ತ ತಾಲ್ಲೂಕಿನಿಂದ ಬೇರೆಯದೇ ದನಿ ಕೇಳಿಬಂತು. ನೀರಿಲ್ಲದೆ ಬೇಸತ್ತ ಕೆಲವು ಹಳ್ಳಿಗಳವರು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಹಿಂದೊಮ್ಮೆ ಮಾಡಿದ್ದ ನಿರ್ಣಯ ಮತ್ತೆ ಚರ್ಚೆಗೆ ಬಂದಿತ್ತು. ಅವರ ಮಾತಿನಲ್ಲಿ ಭಾಷೆಗಿಂತ ಮುಂದೆ ನೀರಿತ್ತು. ಇತ್ತ ಗಡಿಯೀಚೆ, ಗಡಿಭಾಗ ಮಹಾರಾಷ್ಟ್ರಕ್ಕೆ ಸೇರಲಿ ಎಂಬ ಒಂದೇ ಬೇಡಿಕೆಯ ಮೇಲೆ 1950ರ ದಶಕದಿಂದ ಚುನಾವಣೆಗೆ ನಿಲ್ಲುತ್ತಾ ಬಂದ ಮಹಾರಾಷ್ಟ್ರ ಏಕೀಕರಣ ಸಮಿತಿ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಅಂಚಿನ ಜನ ಪ್ರಭುತ್ವವನ್ನು ಅಳೆಯುವುದು ನಲ್ಲಿಯಿಂದ, ಶಾಲೆಯಿಂದ, ಬಸ್ಸಿನಿಂದ. ಗಡಿ ಗಲಾಟೆಯಲ್ಲಿ ಇನ್ನೊಂದು ರಾಜ್ಯದ ಬಸ್ಸಿಗೆ ಮಸಿ ಬಳಿಯುವ ದಿನ ನಿಪ್ಪಾಣಿಯ ಆಚೆ ಕೆಲಸಕ್ಕೆ ಹೋದ ಹೆಣ್ಣುಮಗಳು ರಾತ್ರಿ ಮನೆಗೆ ಹೇಗೆ ಬರುತ್ತಾಳೆ ಎಂಬುದು ಎರಡೂ ರಾಜಧಾನಿಗಳಿಗೆ ಗೊತ್ತಾಗುವುದಿಲ್ಲ.

ಬೆಳಗಾವಿ ಕರ್ನಾಟಕದ್ದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಜಿಲ್ಲೆಯ ಒಟ್ಟು ಸ್ವರೂಪ, ನಗರಕ್ಕೂ ಹಿನ್ನಾಡಿಗೂ ಇರುವ ಸಂಬಂಧ, 1956ರ ಕಾಯ್ದೆ, ಮಹಾಜನರ ವರದಿ ಎಲ್ಲವೂ ಅತ್ತಲೇ ಬೆರಳು ಮಾಡುತ್ತವೆ. ಆದರೆ ಜಿಲ್ಲೆಯನ್ನು ಘಟಕ ಮಾಡಿಕೊಂಡು ಗೆದ್ದವರಿಗೆ ಒಂದು ಹೊಣೆ ಉಳಿಯುತ್ತದೆ. ಆ ಘಟಕದೊಳಗೆ ಅಲ್ಪಸಂಖ್ಯಾತರಾದವರು ಅಲ್ಲಿ ಉಳಿದದ್ದು ನಮ್ಮ ಅಳತೆಗೋಲಿನಿಂದ. ಸಂವಿಧಾನದ 350ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅವಕಾಶ ಮಾಡಿಕೊಡಿ ಎಂದು ಪ್ರತಿ ರಾಜ್ಯಕ್ಕೂ ಹೇಳುತ್ತದೆ. ಆ ವಿಧಿ ಸೇರಿದ್ದು 1956ರಲ್ಲಿ, ಪುನರ್ವಿಂಗಡಣೆಯ ಜೊತೆಗೇ ಬಂದ 7ನೇ ತಿದ್ದುಪಡಿಯಲ್ಲಿ. ಗೆರೆ ಎಳೆದವರಿಗೆ ಗೊತ್ತಿತ್ತು, ಯಾವ ಗೆರೆ ಎಳೆದರೂ ಯಾರೋ ತಪ್ಪು ಬದಿಯಲ್ಲಿ ಉಳಿಯುತ್ತಾರೆ ಎಂದು. ಜತ್ತದ, ಅಕ್ಕಲಕೋಟೆಯ, ಕಾಸರಗೋಡಿನ ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ನಾವು ಕೇಳುವಾಗ, ಖಾನಾಪುರದ ಮರಾಠಿ ಶಾಲೆಯ ಕೊಠಡಿ ಸೋರುತ್ತಿದೆಯೇ ಎಂದೂ ನಾವೇ ನೋಡಬೇಕು.

ಘಟಕದ ಈ ಪ್ರಶ್ನೆ ರಾಜ್ಯದ ಗಡಿಯಲ್ಲಿ ನಿಲ್ಲುವುದೂ ಇಲ್ಲ. ಲೋಕಸಭಾ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವ ಲೆಕ್ಕವನ್ನು 1976ರ 42ನೇ ತಿದ್ದುಪಡಿ 1971ರ ಜನಗಣತಿಗೆ ಕಟ್ಟಿಹಾಕಿತು, 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಅದರ ಪರಿಣಾಮವನ್ನು 2011ರ ಅಂಕಿಗಳಲ್ಲಿ ನೋಡಬಹುದು. ರಾಜಸ್ಥಾನದ ಒಬ್ಬ ಸಂಸದರಿಗೆ ಸುಮಾರು 27 ಲಕ್ಷ ಜನ, ಕೇರಳದ ಒಬ್ಬರಿಗೆ 17 ಲಕ್ಷಕ್ಕೂ ಕಡಿಮೆ, ಕರ್ನಾಟಕದಲ್ಲಿ ಸುಮಾರು 22 ಲಕ್ಷ. ಇದು ಹೆಚ್ಚುಕಡಿಮೆ ದೇಶದ ಸರಾಸರಿಯೇ. ಒಬ್ಬೊಬ್ಬ ಪ್ರಜೆಯನ್ನು ಘಟಕ ಮಾಡಿದರೆ ರಾಜಸ್ಥಾನಕ್ಕೆ ಅನ್ಯಾಯ. ರಾಜ್ಯವನ್ನು ಘಟಕ ಮಾಡಿದರೆ, ಜನಸಂಖ್ಯೆ ತಗ್ಗಿಸಿದ ತಪ್ಪಿಗೆ ದಕ್ಷಿಣದ ದನಿ ಕುಗ್ಗಿಸುವುದು ಅನ್ಯಾಯ. ಕಲ್ಪಿತ ತಾಲ್ಲೂಕಿನ ಹತ್ತು ಹಳ್ಳಿಗಳ ಲೆಕ್ಕ ಇಲ್ಲಿ ಇಡೀ ದೇಶದ ಅಳತೆಯಲ್ಲಿ ಮತ್ತೆ ಎದುರಾಗುತ್ತದೆ.

ರಾಜಕೀಯ ಭೂಗೋಳದ ಪರೀಕ್ಷೆಗೆ ಓದುತ್ತಿದ್ದರೆ ಒಂದು ಸಂಜೆ ಹೀಗೆ ಮಾಡಿ. 1956ರ ಕಾಯ್ದೆಯ 7ನೇ ಸೆಕ್ಷನ್ ಪಕ್ಕದಲ್ಲಿಟ್ಟುಕೊಂಡು ಖಾಲಿ ನಕ್ಷೆಯ ಮೇಲೆ 'ಹೊರತುಪಡಿಸಿ' ಎಂದಿರುವ ಪ್ರತಿ ತಾಲ್ಲೂಕಿಗೂ ಬಣ್ಣ ಹಚ್ಚಿ. ಚಂದಗಡ ಕೊಲ್ಲಾಪುರಕ್ಕೆ ಹೋಯಿತು, ಉದಗೀರ ಲಾತೂರಿನಲ್ಲಿದೆ, ತಾಂಡೂರು ಈಗ ತೆಲಂಗಾಣದಲ್ಲಿದೆ, ಅಮಿನ್‌ದೀವಿ ಲಕ್ಷದ್ವೀಪದ ಭಾಗ. ಬಣ್ಣ ಹಚ್ಚಿದ ಪ್ರತಿ ತುಂಡಿನ ಪಕ್ಕದಲ್ಲಿ ಬರೆಯಿರಿ: ಇಲ್ಲಿ ಏನನ್ನು ಎಣಿಸಿದರು, ಯಾವ ಬುಟ್ಟಿಯಲ್ಲಿ ಎಣಿಸಿದರು, ಬುಟ್ಟಿ ಬೇರೆಯಾಗಿದ್ದರೆ ಈ ಬಣ್ಣ ಎಲ್ಲಿರುತ್ತಿತ್ತು.